ಜೇಬಿಗೆ ಯಾವ ಮಲ್ಟಿಟೂಲ್? ಹಾರ್ಡ್‌ವೇರ್ ಅಂಗಡಿಯವರಿಗೆ ಪ್ರಶ್ನೆ

ಪ್ರಶ್ನೆ: ನಮಸ್ಕಾರ ಸರ್. ಬೆಂಗಳೂರಿನಲ್ಲಿ ಆಫೀಸ್ ಕೆಲಸ. ತಿಂಗಳಿಗೆ ಎರಡು ಸಲ ಸಾಗರದ ಹತ್ತಿರ ನಮ್ಮ ಅಡಿಕೆ ತೋಟಕ್ಕೆ ಬೈಕಿನಲ್ಲಿ ಹೋಗುತ್ತೇನೆ. ದಿನಾ ಜೇಬಿನಲ್ಲಿ ಇಟ್ಟುಕೊಳ್ಳಲು ಒಂದು ಮಲ್ಟಿಟೂಲ್ ಬೇಕು, ಅದೇ, ಚಾಕು, ಸ್ಕ್ರೂಡ್ರೈವರ್ ಇಂಥವೆಲ್ಲ ಒಂದರಲ್ಲೇ ಮಡಚಿಕೊಳ್ಳುವ ಸಾಮಾನು. ಒಂದರಲ್ಲಿ 18 ಸಾಮಾನು, ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಇನ್ನೊಂದರಲ್ಲಿ 24 ಸಾಮಾನು, ಎಂಟುನೂರು ರೂಪಾಯಿಗೇ ಸಿಗುತ್ತದೆ. ಯಾವುದು ತಗೊಳ್ಳಲಿ?

ಉತ್ತರ (ಹಾರ್ಡ್‌ವೇರ್ ಅಂಗಡಿ, ಸಾಣೆ ಮತ್ತು ರಿಪೇರಿ): ಈಗಲೇ ಏನೂ ತಗೊಳ್ಳಬೇಡಿ. ಹದಿನೈದು ದಿನ ಫೋನಿನಲ್ಲಿ ಬರೆದಿಡಿ. ಯಾವಾಗ ಚಾಕು ಬೇಕು ಅನ್ನಿಸಿತು, ಯಾವಾಗ ಸ್ಕ್ರೂಡ್ರೈವರ್, ಯಾವಾಗ ಕಟಿಂಗ್ ಪ್ಲೈಯರ್, ಅಷ್ಟೇ. ಗಿರಾಕಿಗಳಿಗೆಲ್ಲ ಇದನ್ನೇ ಹೇಳುತ್ತೇನೆ. ಅರ್ಧ ಜನ ತಿರುಗಿ ಬರುವುದಿಲ್ಲ, ಅದು ಬೇರೆ ಮಾತು.

ಆ ಪಟ್ಟಿಯಲ್ಲಿ ಮೊದಲು ನೋಡಬೇಕಾದ್ದು ಪ್ಲೈಯರ್ ಇದೆಯಾ ಇಲ್ವಾ ಅನ್ನುವುದು. ಯಾಕೆಂದರೆ ಈ ಸಾಮಾನುಗಳಲ್ಲಿ ಎರಡು ಜಾತಿ. ಒಂದು, ಸ್ವಿಸ್ ಚಾಕುವಿನ ಜಾತಿ. ವಿಕ್ಟೋರಿನಾಕ್ಸ್ ಕಂಪನಿಯ ಎಲ್ಸೆನರ್ ತಮ್ಮ ಆಫೀಸರ್ ಚಾಕುವನ್ನು ನೋಂದಾಯಿಸಿದ್ದು 1897ರಲ್ಲಿ. ಅದಕ್ಕೂ ಮುಂಚಿನ ಸೈನಿಕರ ಚಾಕುವಿನಲ್ಲಿ ಡಬ್ಬಿ ತೆರೆಯುವುದು, ಬಂದೂಕು ಬಿಚ್ಚಲು ಸ್ಕ್ರೂಡ್ರೈವರ್ ಇತ್ತು. ಇನ್ನೊಂದು, ಪ್ಲೈಯರ್ ಜಾತಿ. ಅಮೆರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಹೆಂಡತಿಯ ಜೊತೆ ಹಳೇ ಫಿಯೆಟ್ ಕಾರಿನಲ್ಲಿ ಯುರೋಪ್ ಸುತ್ತುತ್ತಿದ್ದರು. ಕಾರು ಆಗಾಗ ಕೈ ಕೊಡುತ್ತಿತ್ತು, ಜೇಬಿನಲ್ಲಿ ಇದ್ದದ್ದು ಒಂದು ಸ್ಕೌಟ್ ಚಾಕು. ಇದರಲ್ಲೇ ಪ್ಲೈಯರ್ ಇದ್ದಿದ್ದರೆ ಅನ್ನಿಸಿತು. ಅನ್ನಿಸಿದ್ದು ಅಂಗಡಿಗೆ ಬರಲು 1983 ಆಯಿತು.

ಪ್ಲೈಯರ್ ಬೇಕು ಅಂದರೆ ತೂಕ ಹೊರಬೇಕು. ಅವರ ಲೆದರ್‌ಮನ್ ಕಂಪನಿಯ ವೇವ್ ಪ್ಲಸ್ 241 ಗ್ರಾಂ, ನಿಮ್ಮ ಫೋನಿಗಿಂತ ಭಾರ. ಬೆಲ್ಟಿಗೆ ಚೀಲ ಕಟ್ಟಿಕೊಳ್ಳುವವರಿಗೆ ಸರಿ. ಫಾರ್ಮಲ್ ಪ್ಯಾಂಟಿನ ಜೇಬಿಗೆ ಹಾಕಿದರೆ ಪ್ಯಾಂಟೇ ಒಂದು ಕಡೆಗೆ ವಾಲುತ್ತದೆ. ಅದೇ ಕಂಪನಿಯ ಸ್ಕೆಲಿಟೂಲ್ 142 ಗ್ರಾಂ, ಜೇಬಿಗೆ ಸಿಕ್ಕಿಸುವ ಕ್ಲಿಪ್ ಇದೆ, ಆದರೆ ಕತ್ತರಿ ಇಲ್ಲ. ವಿಕ್ಟೋರಿನಾಕ್ಸ್ ಕ್ಲಾಸಿಕ್ ಎಸ್‌ಡಿ ಮಡಚಿದರೆ 58 ಮಿಲಿಮೀಟರ್, ತೂಕ 21 ಗ್ರಾಂ. ಪುಟ್ಟ ಚಾಕು, ಕತ್ತರಿ, ಉಗುರಿನ ಅರ, ಚಿಮಟ, ಹಲ್ಲುಕಡ್ಡಿ ಇದ್ದು, ಕೀಲಿಗೊಂಚಲಿನಲ್ಲಿ ಇರುವುದೇ ಗೊತ್ತಾಗುವುದಿಲ್ಲ. ಇಷ್ಟು ವರ್ಷದಲ್ಲಿ ನಾನು ನೋಡಿದ್ದು ಇದು: ಭಾರದ್ದನ್ನು ತಗೊಂಡವರು ಮೂರನೇ ತಿಂಗಳಿಗೆ ಮನೆಯ ಡ್ರಾಯರ್‌ಗೆ ಹಾಕುತ್ತಾರೆ. ಬೇಕಾದಾಗ ಅದು ಡ್ರಾಯರ್‌ನಲ್ಲೇ ಇರುತ್ತದೆ.

24 ಸಾಮಾನು ಅನ್ನುವುದನ್ನು ಮರೆತುಬಿಡಿ. ಆ ಲೆಕ್ಕದಲ್ಲಿ ಬಾಟಲಿ ಮುಚ್ಚಳ ತೆಗೆಯುವುದು ಒಂದು, ಲೋಹದ ಮೇಲಿನ ಸ್ಕೇಲ್ ಗೆರೆ ಒಂದು, ಕೀಲಿ ರಿಂಗ್ ಸಿಕ್ಕಿಸುವ ತೂತೂ ಒಂದು. ನೋಡಬೇಕಾದ್ದು ಕೀಲು. ಚಾಕು ಪೂರ್ತಿ ತೆರೆದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಅಂಗಡಿಯಲ್ಲೇ ಲಟಲಟ ಅಂದರೆ ತೋಟದಲ್ಲಿ ಏನು ಗತಿ? ಪ್ಲೈಯರ್ ಮುಚ್ಚಿ ಬೆಳಕಿಗೆ ಹಿಡಿಯಿರಿ, ತುದಿ ಎರಡೂ ಸರಿಯಾಗಿ ಕೂಡಬೇಕು. ತುದಿಯಲ್ಲಿ ಒಂದು ಕಾಗದ ಹಿಡಿದು ಎಳೆಯಿರಿ, ಜಾರಬಾರದು. ಜೇಬಿನಲ್ಲಿ ಒಂದು ತುಂಡು ಮಲ್ಟಿ ಸ್ಟ್ರ್ಯಾಂಡ್ ವೈರ್ ತಗೊಂಡು ಹೋಗಿ, ಅದರ ಒಂದೇ ಒಂದು ಎಳೆ ಕತ್ತರಿಸಲು ಕೊಡಿ. ದಪ್ಪ ವೈರ್ ಎಲ್ಲವೂ ಕತ್ತರಿಸುತ್ತವೆ. ಕೂದಲಿನಂಥ ಎಳೆಯನ್ನು ಜಗಿದು ಬಿಟ್ಟರೆ ಆ ಸಾಮಾನು ಬೇಡ.

ಚಾಕು ತೆರೆದಾಗ ಲಾಕ್ ಆಗುತ್ತದಾ ಅಂತಲೂ ನೋಡಿ. ಮಾಮೂಲಿ ಸ್ವಿಸ್ ಚಾಕುಗಳಲ್ಲಿ ಲಾಕ್ ಇಲ್ಲ, ಸ್ಪ್ರಿಂಗ್ ಬಿಗಿ ಮಾತ್ರ. ಹಗ್ಗ ಕೊಯ್ಯಲು ಸಾಕು. ಚುಚ್ಚಿ ತಿರುಗಿಸಲು ಹೋದರೆ ಬೆರಳಿನ ಮೇಲೇ ಮುಚ್ಚಿಕೊಳ್ಳುತ್ತದೆ.

ಇನ್ನೊಬ್ಬರು: ಸರ್, ಸ್ಟೇನ್‌ಲೆಸ್ ಅಂತ ಹೇಳಿ ಕೊಟ್ಟರು. ಮನೆಗೆ ಬಂದು ಆಯಸ್ಕಾಂತ ಹಿಡಿದರೆ ಅಂಟಿಕೊಂಡಿತು. ಮೋಸ ಅಲ್ವಾ?

ಉತ್ತರ: ಅದರಿಂದಲೇ ಮೋಸ ಅನ್ನಲು ಬರುವುದಿಲ್ಲ. ಅಡುಗೆ ಮನೆಯ ಒಳ್ಳೆ ಪಾತ್ರೆಗೆ ಅಂಟುವುದಿಲ್ಲ ನಿಜ, ಆ ಉಕ್ಕು ಬೇರೆ. ಚಾಕುವಿನ ಅಲುಗಿಗೆ ಕಾಸಿ ಗಟ್ಟಿ ಮಾಡುವ ಉಕ್ಕು ಬೇಕು, ಅದಕ್ಕೆ ಅಂಟಿಯೇ ಅಂಟುತ್ತದೆ. ಲೆದರ್‌ಮನ್ ಬಳಸುವ 420ಎಚ್‌ಸಿ ಅನ್ನುವ ಉಕ್ಕು ಕೂಡ ಅದೇ ಜಾತಿ. ಹಾಗಂತ ತುಕ್ಕೇ ಹಿಡಿಯುವುದಿಲ್ಲ ಅಂದುಕೊಳ್ಳಬೇಡಿ. ನಿಂಬೆಹಣ್ಣು ಹೆಚ್ಚಿ ಹಾಗೇ ಮಡಚಿಟ್ಟರೆ, ಕರಾವಳಿಯಲ್ಲಿ ಒಂದು ಮಳೆಗಾಲ ಒರೆಸದೆ ಬಿಟ್ಟರೆ, ಚುಕ್ಕಿ ಚುಕ್ಕಿ ಬರುತ್ತದೆ.

ಮತ್ತೊಬ್ಬರು: ಹಲಸಿನಹಣ್ಣು ಕೊಯ್ದು ನನ್ನದು ಈಗ ತೆರೆಯುವುದೇ ಇಲ್ಲ!

ಉತ್ತರ: ಅಕ್ಕಾ, ಅದಕ್ಕೆ ಮಲ್ಟಿಟೂಲ್ ಯಾಕೆ ತೆಗೆದಿರಿ! ಮೇಣಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಬಿಡುತ್ತದೆ. ಆಮೇಲೆ ಬಿಸಿ ನೀರು, ಸೋಪು, ಹಳೇ ಟೂತ್‌ಬ್ರಷ್. ಚೆನ್ನಾಗಿ ಒಣಗಿಸಿ. ಆದರೆ ಕೊಬ್ಬರಿ ಎಣ್ಣೆಯನ್ನು ಕೀಲಿನಲ್ಲಿ ಬಿಡಬೇಡಿ, ದಿನ ಕಳೆದಂತೆ ಜಿಗುಟಾಗಿ ಧೂಳು ಕಚ್ಚುತ್ತದೆ. ಕೀಲಿಗೆ ಹೊಲಿಗೆ ಮಷಿನ್ ಎಣ್ಣೆ ಒಂದೇ ಒಂದು ತೊಟ್ಟು.

ಇನ್ನೊಬ್ಬರು: ಮನೆ ವೈರಿಂಗ್ ಕೆಲಸಕ್ಕೂ ಇದೇ ಆಗುತ್ತಾ ಅಣ್ಣ?

ಉತ್ತರ: ಬೇಡವೇ ಬೇಡ. ಹಿಡಿಕೆಯೂ ಲೋಹ, ನಡುವೆ ತಡೆ ಏನೂ ಇಲ್ಲ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಮೇಲೆ ಟೇಪ್ ಸುತ್ತಿಕೊಂಡು ಕೆಲಸ ಮಾಡುವವರನ್ನು ನೋಡಿದ್ದೇನೆ, ಅದೂ ನಂಬುವಂಥದ್ದಲ್ಲ. ಕರೆಂಟಿಗೆ ಇನ್ಸುಲೇಷನ್ ಹಿಡಿಕೆಯ ಕಟಿಂಗ್ ಪ್ಲೈಯರ್ ಬೇರೆಯೇ ಇರಲಿ. ಅದನ್ನು ಹಿಡಿದರೂ ಮೇನ್ ಸ್ವಿಚ್ ತೆಗೆದು, ಟೆಸ್ಟರ್ ಇಟ್ಟು ನೋಡಿಯೇ ಕೈ ಹಾಕಿ.

ಹಾಗೇ ಬೈಕಿನ ಕ್ಲಚ್ ಕೇಬಲ್ ಕತ್ತರಿಸಲು ಹೋಗಬೇಡಿ. ಆ ತಂತಿ ಗಟ್ಟಿ ಉಕ್ಕು, ಕಟ್ಟರ್ ಬಾಯಿಗೆ ಹಲ್ಲು ಬಿದ್ದುಹೋಗುತ್ತದೆ. ವೇವ್ ಪ್ಲಸ್‌ನಲ್ಲಿ ಕಟ್ಟರ್ ಬಿಚ್ಚಿ ಬೇರೆ ಹಾಕಬಹುದು. ಅಗ್ಗದ್ದರಲ್ಲಿ ಹಲ್ಲು ಬಿದ್ದರೆ ಬಿದ್ದಿತು.

ಮತ್ತೊಬ್ಬರು: ಹೋದ ತಿಂಗಳು ಏರ್‌ಪೋರ್ಟ್‌ನಲ್ಲಿ ನನ್ನದನ್ನು ಇಸ್ಕೊಂಡುಬಿಟ್ಟರು. ಕಾನೂನು ಏನಾದರೂ ಇದೆಯಾ?

ಉತ್ತರ: ವಿಮಾನದ ಕೈಚೀಲದಲ್ಲಿ ಚಾಕು ಬಿಡುವುದಿಲ್ಲ. ಚೆಕ್-ಇನ್ ಲಗೇಜಿಗೆ ಹಾಕಬೇಕಿತ್ತು. ಕೀಲಿಗೊಂಚಲಿನ ಪುಟ್ಟದ್ದನ್ನೇ ಜನ ಜಾಸ್ತಿ ಕಳಕೊಳ್ಳುತ್ತಾರೆ, ಇರುವುದೇ ನೆನಪಿರುವುದಿಲ್ಲವಲ್ಲ. ಲೈಸೆನ್ಸ್ ಮಾತು ಬಂದರೆ, 2016ರ ಆಯುಧ ನಿಯಮಗಳು ಹೇಳುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚಾಕುಗಳ ಬಗ್ಗೆ. ಅದರಲ್ಲೂ ಮನೆ, ಕೃಷಿ ಕೆಲಸದವನ್ನು ಬಿಟ್ಟಿದ್ದಾರೆ. ಜೇಬಿನ ಮಲ್ಟಿಟೂಲ್ ಅಲುಗು ಸುಮಾರು ಮೂರು ಇಂಚು. ಆದರೂ ಮೆಟ್ರೋ, ಕೋರ್ಟ್, ಮಾಲ್ ಬಾಗಿಲಲ್ಲಿ ತಡೆದರೆ ಸೆಕ್ಯುರಿಟಿಯವರ ಜೊತೆ ನಿಯಮ ಮಾತಾಡಲು ನಿಲ್ಲಬೇಡಿ. ನೀವು ದಿನಾ ಮೆಟ್ರೋದಲ್ಲಿ ಹೋಗುವವರಾದರೆ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೊದಲು ಕೇಳಿದವರು (ಹದಿನೇಳು ದಿನದ ನಂತರ): ಸರ್, ಬರೆದಿಟ್ಟೆ. ಕೊರಿಯರ್ ಡಬ್ಬಿ ಬಿಚ್ಚಿದ್ದು 9 ಸಲ. ಹಾಲಿನ ಪ್ಯಾಕೆಟ್, ಮಾತ್ರೆ ಸ್ಟ್ರಿಪ್, ಅಂಗಿಯ ನೂಲು, ಎಲ್ಲ ಕತ್ತರಿ ಕೆಲಸ, 6 ಸಲ. ಅಮ್ಮನ ಕನ್ನಡಕದ ತಿರುಪು ಒಂದು ಸಲ. ಬೈಕಿನ ಕನ್ನಡಿ ನಟ್ ಸಡಿಲ ಆದದ್ದು ಎರಡು ಸಲ. ಪ್ಲೈಯರ್ ಒಂದೇ ಸಲ, ತೋಟದ ಬೇಲಿ ತಂತಿಗೆ.

ಉತ್ತರ: ಹಾಗಾದರೆ 142 ಗ್ರಾಂ ಯಾಕೆ ಹೊರುತ್ತೀರಿ? ಕತ್ತರಿ ಇರುವ ಆ 21 ಗ್ರಾಂನ ಪುಟ್ಟದ್ದು ತಗೊಳ್ಳಿ. ಕನ್ನಡಕಕ್ಕೂ ಅದರ ಅರದ ತುದಿ ಆದೀತು, ತಿರುಪು ತೀರಾ ಸಣ್ಣದಿದ್ದರೆ ಮಾತ್ರ ಕಷ್ಟ. ಬೇಲಿ ತಂತಿಗೆ ಒಂದು ಮಾಮೂಲಿ ಕಟಿಂಗ್ ಪ್ಲೈಯರ್ ತೋಟದ ಮನೆಯಲ್ಲೇ ಇರಲಿ, ಯಾವ ಮಲ್ಟಿಟೂಲ್‌ಗಿಂತಲೂ ಕೈಗೆ ಹಿಡಿತ ಜಾಸ್ತಿ. ಕನ್ನಡಿ ನಟ್‌ಗೆ ಪ್ಲೈಯರ್ ಹಾಕಿದರೆ ಮೂಲೆ ಸವೆದು ದುಂಡಗಾಗುತ್ತದೆ, ಅದಕ್ಕೆ ಸ್ಪ್ಯಾನರ್ ಬೇಕು. ಸೀಟಿನ ಕೆಳಗೆ ಒಂದು ಇಟ್ಟುಕೊಳ್ಳಿ.

ಮೊದಲು ಕೇಳಿದವರು: ಇಷ್ಟೆಲ್ಲ ಹೇಳಿ ನಿಮಗೇನು ವ್ಯಾಪಾರ ಆಯಿತು ಸರ್?

ಉತ್ತರ: ಸ್ಪ್ಯಾನರ್ ನಮ್ಮಲ್ಲಿದೆ. ನಟ್ ಎಷ್ಟರದು ಅಂತ ಅಳೆದುಕೊಂಡು ಬನ್ನಿ, ಸುಮ್ನೆ ಎರಡು ಸಲ ಓಡಾಡಬೇಡಿ.