ಗಾಮಾ ಕಂಡ ‘ಬಿಳಿ ಮಣ್ಣು’: ಒಂಬತ್ತನೇ ಕ್ಲಾಸಿಗೆ ಹೇಗೆ ಪಾಠ ಮಾಡುವುದು?

ಗದಗ ಮಾಸ್ತರ: 1498ರಲ್ಲಿ ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದಾಗ ಜೊತೆಗಿದ್ದವನೊಬ್ಬ ದಿನಚರಿ ಬರೆದಿದ್ದಾನೆ. ಗುಡಿ ನೋಡಿ ಚರ್ಚ್ ಅಂದುಕೊಂಡ. ಗೋಡೆ ಮೇಲಿನ ಸಂತರಿಗೆ ಕೋರೆ ಹಲ್ಲು, ನಾಲ್ಕೈದು ಕೈ! ಪೂಜಾರಿಗಳು ನೀರು ಚಿಮುಕಿಸಿ ‘ಬಿಳಿ ಮಣ್ಣು’ ಕೊಟ್ಟರಂತೆ. ಅದನ್ನು ಹಣೆ, ಎದೆ, ಕುತ್ತಿಗೆ, ಮುಂಗೈಗೆ ಹಚ್ಚಿಕೊಳ್ಳುವುದು ಇಲ್ಲಿನ ‘ಕ್ರೈಸ್ತರ’ ರೂಢಿ ಅಂತಾನೆ. ಏನೂ ವಿವರಿಸದೆ ಓದಿದೆ. ಮುಂದಿನ ಬೆಂಚಿನ ಹುಡುಗ ತನ್ನ ಹಣೆ ಮುಟ್ಟಿ, ಬೆರಳು ನೋಡಿಕೊಂಡು, ‘ಸರ್, ಇದು ವಿಭೂತಿ’ ಅಂದ. ಆಮೇಲೆ ಬೋರ್ಡಿನ ಮೇಲೆ ಎರಡು ಸಾಲು: ಕಂಡಿದ್ದು, ಅಂದುಕೊಂಡಿದ್ದು. ನೀವು ಹೇಗೆ ಮಾಡುತ್ತೀರಿ?

ಸಾಧನಕೇರಿ: ಏನೂ ವಿವರಿಸದೆ? ಪೋರ್ಚುಗಲ್ ದೊರೆ ಮನುವೆಲ್ ಕೂಡ 1499ರಲ್ಲಿ ಅಲ್ಲಿ ಕ್ರೈಸ್ತರಿದ್ದಾರೆ ಅಂತ ಸ್ಪೇನಿಗೆ ಕಾಗದ ಬರೆದ. ದೊರೆಯೇ ನಂಬಿದ ಮೇಲೆ ಹುಡುಗರು ಬಿಡುತ್ತಾರಾ? ಪರೀಕ್ಷೆಯಲ್ಲಿ ‘ಕಲ್ಲಿಕೋಟೆಯ ಚರ್ಚ್’ ಅಂತಲೇ ಬರೆಯುತ್ತಾರೆ.

ಗದಗ ಮಾಸ್ತರ: ಪರೀಕ್ಷೆ, ಪರೀಕ್ಷೆ. ಬೇರೆ ಮಾತಿಲ್ಲವೇ?

ಹಾವೇರಿ ಏಲಕ್ಕಿ: ಹುಡುಗ ವಿಭೂತಿ ಅಂದ, ನೀವು ಒಪ್ಪಿದಿರಿ! ಬರೆದವನು ಮಣ್ಣು ಅಂದಿದ್ದಾನೆ, ಬೂದಿ ಅಂದಿಲ್ಲ. ಗೋಪಿಚಂದನ ಮಣ್ಣೇ.

ಮುಳಗುಂದ ನಾಕಾ: ಗೋಪಿಚಂದನ ಹಳದಿ ರೀ.

ಹಾವೇರಿ ಏಲಕ್ಕಿ: ಒಣಗಿದ ಮೇಲೆ ನೋಡಿದ್ದೀರಾ? ನಮ್ಮಪ್ಪ ದಿನಾ ಹಚ್ಚುತ್ತಿದ್ದರು. ಹಣೆ, ಎದೆ, ಕುತ್ತಿಗೆ, ತೋಳು. ಸುಮ್ನೆ ಮಾತಾಡಬೇಡಿ.

ಮುಳಗುಂದ ನಾಕಾ: ನಮ್ಮಜ್ಜನೂ ಅಲ್ಲೆಲ್ಲಾ ಹಚ್ಚುತ್ತಿದ್ದ. ಮೂರು ಬೆರಳಲ್ಲಿ, ವಿಭೂತಿ.

ಸಾಧನಕೇರಿ: ಕೇರಳದ ಗುಡಿಯಲ್ಲಿ ಜಾಸ್ತಿ ಕೊಡುವುದು ಗಂಧ. ಒಮ್ಮೆಯಾದರೂ ಹೋಗಿ ಬನ್ನಿ.

ಮುಳಗುಂದ ನಾಕಾ: ನೀವು ಹೋಗಿದ್ದು ಮೊನ್ನೆ, ಅವನು ಹೋಗಿದ್ದು 1498ರಲ್ಲಿ!

ಹುಬ್ಬಳ್ಳಿ ಗಿರ್ಮಿಟ್: ಅವನಿಗೆ ಕಲ್ಲಿಕೋಟೆಯಲ್ಲಿ ತನ್ನೂರ ಚರ್ಚ್ ಕಂಡಿತು. ನಿಮಗೆಲ್ಲಾ ನಿಮ್ಮ ಮನೆ ದೇವರ ಕೋಣೆ ಕಾಣುತ್ತಿದೆ, ಅಲ್ವಾ?

ಹಾವೇರಿ ಏಲಕ್ಕಿ: ದೇವರ ಕೋಣೆ ತಂಟೆಗೆ ಬರಬೇಡಿ. ಹೇಳಿದ್ದೇನೆ.

ಗದಗ ಮಾಸ್ತರ: ದಯವಿಟ್ಟು ಪಾಠಕ್ಕೆ ಬನ್ನಿ. ಗಾಮಾ ಆ ಮಣ್ಣು ಹಚ್ಚಿಕೊಳ್ಳಲೇ ಇಲ್ಲ. ಆಮೇಲೆ ಹಚ್ಚಿಕೊಳ್ಳುತ್ತೇನೆ ಅಂತ ಸೂಚಿಸಿ ಇನ್ನೊಬ್ಬನ ಕೈಗೆ ಕೊಟ್ಟ. ಚರ್ಚ್ ಅಂತ ನಂಬಿದ್ದವನು ಯಾಕೆ ಹಿಂಜರಿದ? ಹುಡುಗರು ಕೇಳಬೇಕಾದದ್ದು ಇದನ್ನ.

ಮುಳಗುಂದ ನಾಕಾ: ‘ಇನ್ನೊಬ್ಬನ ಕೈಗೆ ಕೊಟ್ಟ’! ಅಂದ್ರೆ ಪುಡಿ. ತೇದ ಗಂಧ ಹಾಗೆ ದಾಟಿಸೋಕೆ ಬರುತ್ತಾ?

ಹಾವೇರಿ ಏಲಕ್ಕಿ: ಗೋಪಿಚಂದನ ಗಟ್ಟಿ ಉಂಡೆ ಇರುತ್ತದೆ. ಕೈಗೂ ಕೊಡಬಹುದು, ಕಿಸೆಗೂ ಹಾಕಿಕೊಳ್ಳಬಹುದು.