ಹಿಲ್ ಕ್ಲೈಂಬ್‌ಗೆ ಗಟ್ಟಿ ಮಾಡಿಸಿದ ಎಂಜಿಬಿ: ರಸ್ತೆಗೆ ಮೆದು ಮಾಡೋದು ಹೇಗೆ?

ಪ್ರಶ್ನೆ, ಕೋವೆಂಟ್ರಿಯಿಂದ

ಎಲ್ಲರಿಗೂ ನಮಸ್ಕಾರ. 1972ರ ಎಂಜಿಬಿ ರೋಡ್‌ಸ್ಟರ್ (ಎರಡು ಸೀಟಿನ, ತೆರೆದ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ತಗೊಂಡಿದ್ದೀನಿ. ಹಿಂದಿನ ಮಾಲೀಕರು ಅದನ್ನ ಪ್ರೆಸ್ಕಾಟ್, ಶೆಲ್ಸ್‌ಲಿ ವಾಲ್ಶ್ ಹಿಲ್ ಕ್ಲೈಂಬ್‌ಗಳಲ್ಲಿ, ಅಂದರೆ ಗುಡ್ಡ ಹತ್ತುವ ರೇಸ್‌ಗಳಲ್ಲಿ, ಓಡಿಸೋಕೆ ಅಂತಲೇ ಸಿದ್ಧ ಮಾಡಿಸಿದ್ದರಂತೆ. ಮುಂದೆ ಇಂಚಿಗೆ 550 ಪೌಂಡಿನ (ಒಂದು ಇಂಚು ಕುಗ್ಗೋಕೆ ಅಷ್ಟು ಭಾರ ಬೇಕು) ಗಿಡ್ಡ ಸ್ಪ್ರಿಂಗ್, ಟೆಲಿಸ್ಕೋಪಿಕ್ ಶಾಕ್ಸ್ (ಕೊಳವೆಯಾಕಾರದ ಶಾಕ್ ಅಬ್ಸಾರ್ಬರ್), ಹಿಂದೆ ಆಕ್ಸಲ್‌ಗೂ ಲೀಫ್ ಸ್ಪ್ರಿಂಗ್‌ಗೂ (ಉಕ್ಕಿನ ಪಟ್ಟಿಗಳ ಕಟ್ಟು) ನಡುವೆ ಗಾಡಿ ತಗ್ಗಿಸೋ 1 ಇಂಚಿನ ಬ್ಲಾಕ್, ಕೀಲುಗಳಲ್ಲಿ ಎಲ್ಲ ಕಡೆ ಪಾಲಿ ಬುಷ್ (ರಬ್ಬರ್ ಬದಲು ಗಟ್ಟಿ ಪಾಲಿಯುರೆಥೇನ್ ಮೆತ್ತೆ), 15 ಇಂಚಿನ ಚಕ್ರಕ್ಕೆ 195/50 ಟೈರ್. ಇಂಜಿನ್ ಮಾತ್ರ ಬಂಗಾರ. ಆದರೆ ಹಳ್ಳಿ ರಸ್ತೆಯಲ್ಲಿ ಒಂದು ಗುಂಡಿ ಸಿಕ್ಕರೆ ಸೊಂಟ ಹಿಡ್ಕೊಳ್ಳುತ್ತೆ, ಮನೆಯವರು ಇನ್ನು ಈ ಗಾಡಿ ಹತ್ತಲ್ಲ ಅಂತಿದ್ದಾರೆ. ನನಗೆ ರೇಸಿನ ಆಸೆ ಇಲ್ಲ. ಭಾನುವಾರ ಕಾಟ್ಸ್‌ವೋಲ್ಡ್ಸ್ ಕಡೆ ಆರಾಮಾಗಿ ಹೋಗಿ ಬಂದರೆ ಸಾಕು. ಮೊದಲು ಮೆದು ಸ್ಪ್ರಿಂಗ್ ತರಿಸಲೇ? ಇದನ್ನ ಮಾಡಿದವರು ದಯವಿಟ್ಟು ಹೇಳಿ.

ಲೆಸ್ಟರ್‌ನಿಂದ

ಸರ್, ಸ್ಪ್ರಿಂಗಿಗೆ ದುಡ್ಡು ಹಾಕೋದು ಕೊನೆಗಿರಲಿ. ತಗ್ಗಿಸಿದ ಎಂಜಿಬಿಯಲ್ಲಿ ಬೆನ್ನಿಗೆ ಬೀಳುವ ಏಟು ಹೆಚ್ಚಾಗಿ ಸ್ಪ್ರಿಂಗ್ ಗಟ್ಟಿ ಇರೋದರಿಂದ ಅಲ್ಲ, ಚಕ್ರಕ್ಕೆ ಮೇಲೆ ಹೋಗೋಕೆ ಜಾಗವೇ ಇಲ್ಲದಿರೋದರಿಂದ. ಗಾಡಿ ಬಂಪ್ ರಬ್ಬರ್ (ಚಕ್ರ ಮೇಲೆ ಹೋಗೋದಕ್ಕೆ ಕೊನೆಯ ತಡೆ) ಮೇಲೆ ಕೂತು ಓಡುತ್ತಿದ್ದರೆ ಯಾವ ಸ್ಪ್ರಿಂಗ್ ತಂದರೂ ಅಷ್ಟೇ.

ಇದನ್ನ ಕಣ್ಣಾರೆ ನೋಡಬಹುದು. ಮುಂದಿನ ಶಾಕ್‌ನ ಹೊಳೆಯುವ ರಾಡ್ ಸುತ್ತ ಒಂದು ಕೇಬಲ್ ಟೈ ಬಿಗಿದು ಕೆಳಕ್ಕೆ ತಳ್ಳಿಡಿ. ನಾಲ್ಕೂ ಬಂಪ್ ರಬ್ಬರ್‌ಗಳ ಮುಖಕ್ಕೆ ಬಿಳಿ ಗ್ರೀಸ್ ತೆಳ್ಳಗೆ ಸವರಿ, ನಿಮಗೆ ಕಾಟ ಕೊಡುವ ಅದೇ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಗ್ರೀಸ್ ಎದುರಿನ ಲೋಹಕ್ಕೆ ಅಂಟಿದ್ದರೆ, ಕೇಬಲ್ ಟೈ ಆ ಶಾಕ್ ರಾಡಿನ ತುದಿಯವರೆಗೂ ಜರುಗಿದ್ದರೆ, ಏಟು ಎಲ್ಲಿಂದ ಬರ್ತಿದೆ ಅಂತ ಗೊತ್ತಾಯ್ತು. ರಬ್ಬರ್ ಒಂದು ಕಡೆ ಉಜ್ಜಿ ನಯವಾಗಿ ಮಿರುಗುತ್ತಿದ್ದರೆ ಅದು ಬಹಳ ದಿನದಿಂದ ನಡೀತಿರೋ ಕಥೆ.

ಇನ್ನು ಟೈರ್. ಲೆಕ್ಕ ಹಾಕಿ ನೋಡಿ (ಮೊದಲ ಅಂಕಿ ಮಿ.ಮೀ.ನಲ್ಲಿ ಟೈರಿನ ಅಗಲ, ಎರಡನೇದು ಪಕ್ಕದ ಗೋಡೆ ಆ ಅಗಲದ ಶೇಕಡಾ ಎಷ್ಟು ಅಂತ): ಈ ಗಾಡಿಗೆ ಒಪ್ಪುವ 165/80, 14 ಇಂಚಿನ ಟೈರಿನ ಪಕ್ಕದ ಗೋಡೆ 132 ಮಿ.ಮೀ. ನಿಮ್ಮ 195/50ರದ್ದು 97 ಮಿ.ಮೀ. ಚಿಲ್ಲರೆ. ಅಂದರೆ ರಸ್ತೆಯ ಸಣ್ಣ ಕಂಪನ ನುಂಗಬೇಕಾದ ರಬ್ಬರಿನಲ್ಲಿ ಸುಮಾರು 35 ಮಿ.ಮೀ. ಕಳೆದುಹೋಗಿದೆ. ಒಟ್ಟು ವ್ಯಾಸವೂ 620ರಿಂದ 576ಕ್ಕೆ ಇಳಿದಿದೆ. ಗಾಡಿ ಇದರಿಂದಲೇ 22 ಮಿ.ಮೀ. ತಗ್ಗಿದೆ, ಸ್ಪೀಡೋಮೀಟರ್ ಸುಮಾರು 7.5% ಹೆಚ್ಚು ತೋರಿಸುತ್ತೆ. 14 ಇಂಚಿನ ಚಕ್ರ, ಎತ್ತರದ ಟೈರ್ ಹಾಕಿಸಿ. ಮೆದು ಮಾಡೋಕೆ ಇಷ್ಟು ಸುಲಭದ ದಾರಿ ಇನ್ನೊಂದಿಲ್ಲ. ಗಾಳಿಯನ್ನೂ ಗಮನಿಸಿ. ಗ್ಯಾರೇಜಿನವರು ಇವತ್ತಿನ ಕಾರುಗಳ ಅಭ್ಯಾಸದಲ್ಲಿ 32 ಪಿಎಸ್‌ಐ ತುಂಬಿಬಿಡ್ತಾರೆ. ಈ ಗಾಡಿಯ ಕೈಪಿಡಿ ಹೇಳೋದು ಇಪ್ಪತ್ತರ ಮೇಲೆ ಸ್ವಲ್ಪ ಅಷ್ಟೇ, ಹಿಂದಿನದಕ್ಕೆ ಮುಂದಿನದಕ್ಕಿಂತ ತುಸು ಜಾಸ್ತಿ.

ಮೂರನೇದು ತುಂಬಾ ಜನರ ಗಮನಕ್ಕೆ ಬರಲ್ಲ. ಎಂಜಿಬಿಗೆ ಮೂಲದಲ್ಲಿ ಬಂದ ಮುಂದಿನ ಲಿವರ್ ಆರ್ಮ್ ಶಾಕ್‌ನ (ತೋಳಿರುವ ಹಳೇ ಮಾದರಿ) ತೋಳೇ ಮೇಲಿನ ವಿಶ್‌ಬೋನ್, ಅಂದರೆ ಚಕ್ರವನ್ನ ಹಿಡಿಯುವ ಮೇಲಿನ ಕವೆ. ಹಾಗಾಗಿ ಹಲವು ಟೆಲಿಸ್ಕೋಪಿಕ್ ಕಿಟ್‌ಗಳಲ್ಲಿ ಹಳೇ ಶಾಕ್ ಬರೀ ತೋಳಾಗಿ ಗಾಡಿಯಲ್ಲೇ ಉಳಿಯುತ್ತೆ. ಅದರ ವಾಲ್ವ್ ತೆಗೆದು, ಒಳಗಿನ ಬೇರಿಂಗ್‌ಗೆ ಬೇಕಾದ ಎಣ್ಣೆ ಮಾತ್ರ ಬಿಡಬೇಕು. ವಾಲ್ವ್ ಹಾಗೇ ಇದ್ದರೆ ಒಂದೇ ಚಕ್ರವನ್ನ ಎರಡು ಶಾಕ್‌ಗಳು ಹಿಡಿದುಕೊಂಡಿರ್ತವೆ. ನಿಮ್ಮ ಗಾಡಿಯಲ್ಲಿ ಏನಾಗಿದೆ ಅಂತ ಖಂಡಿತ ನೋಡಿ.

ಲೀಡ್ಸ್‌ನಿಂದ

ಲೆಸ್ಟರಿನ ಅಣ್ಣ ಹೇಳಿದ್ದಕ್ಕೆ ನನ್ನದು ಬುಷ್ ವಿಷಯ ಸೇರಿಸ್ತೀನಿ. ಪಾಲಿ ಬುಷ್ ಟ್ರ್ಯಾಕಿಗೆ ಚೆನ್ನ, ಸ್ಟಿಯರಿಂಗ್ ಖಡಕ್ ಆಗುತ್ತೆ. ಆದರೆ ರಸ್ತೆಯ ಪ್ರತಿ ಜಲ್ಲಿಕಲ್ಲೂ ಸೀಟಿಗೆ ಬರುತ್ತೆ, ಗ್ರೀಸ್ ಒಣಗಿದರೆ ಕೀಚ್ ಕೀಚ್ ಶಬ್ದ ಬೇರೆ. ಮುಂದಿನ ಕೆಳ ವಿಶ್‌ಬೋನ್‌ಗೆ ಎಂಜಿಬಿ ಜಿಟಿ ವಿ8ರ (ಗಟ್ಟಿ ಮೇಲ್ಛಾವಣಿಯ ಎಂಜಿಬಿ ಜಿಟಿಯ ವಿ8 ಇಂಜಿನ್ ಮಾದರಿ) ರಬ್ಬರ್ ಬುಷ್ ನೇರವಾಗಿ ಕೂರುತ್ತೆ, ನಾನು ಹಾಕಿಸಿರೋದು ಅದೇ. ಮಾಮೂಲಿ ರಬ್ಬರಿಗಿಂತ ಬಾಳಿಕೆ, ಪಾಲಿಗಿಂತ ಎಷ್ಟೋ ಮೆದು. ಒಂದು ಎಚ್ಚರಿಕೆ: ಅದರ ರಬ್ಬರ್ ಒಳಗಿನ ಉಕ್ಕಿನ ಕೊಳವೆಗೆ ಅಂಟಿಕೊಂಡಿರುತ್ತೆ, ತಿರುಚಿಕೊಂಡೇ ಕೆಲಸ ಮಾಡುತ್ತೆ. ಗಾಡಿ ಜಾಕ್ ಮೇಲೆ ಇದ್ದಾಗ, ಚಕ್ರ ಜೋತು ಬಿದ್ದಿರುವಾಗಲೇ ನಟ್ ಬಿಗಿದರೆ, ಕೆಳಗಿಳಿಸಿದ ಮೇಲೆ ರಬ್ಬರ್ ಸದಾ ತಿರುಚಿದ ಸ್ಥಿತಿಯಲ್ಲೇ ಇದ್ದು ಬೇಗ ಹರಿಯುತ್ತೆ. ಚಕ್ರದ ಮೇಲೆ ಭಾರ ಬಿದ್ದ ಮೇಲೇ ಕೊನೆಯ ಬಿಗಿತ.

ಹಿಂದಿನ ಲೀಫ್ ಸ್ಪ್ರಿಂಗನ್ನೂ ಒಮ್ಮೆ ಬಗ್ಗಿ ನೋಡಿ. ಪಟ್ಟಿಗಳ ನಡುವೆ ತುಕ್ಕು ಹಿಡಿದು ಅಂಟಿಕೊಂಡಿದ್ದರೆ ಅವು ಒಂದರ ಮೇಲೊಂದು ಜಾರಲ್ಲ, ಇಡೀ ಕಟ್ಟು ಮರದ ದಿಮ್ಮಿ ಹಾಗೆ ಆಗಿಬಿಡುತ್ತೆ. ಬಿಚ್ಚಿ, ಉಜ್ಜಿ ಜೋಡಿಸಿದರೆ ಹಿಂದುಗಡೆ ಎಷ್ಟೋ ಸಲೀಸಾಗುತ್ತೆ.

ಕಾರ್ಡಿಫ್‌ನಿಂದ

ನಾನು ನನ್ನ ಗಾಡಿಯನ್ನ ಪೂರ್ತಿ ಎಂಜಿಯ ಅಬಿಂಗ್ಡನ್ ಫ್ಯಾಕ್ಟರಿಯಿಂದ ಬಂದ ಹಾಗೇ ವಾಪಸ್ ಮಾಡಿದೆ: ರಿಪೇರಿ ಮಾಡಿದ ಲಿವರ್ ಆರ್ಮ್ ಶಾಕ್ಸ್, ಮಾಮೂಲಿ ರಬ್ಬರ್, ಮೂಲ ಎತ್ತರ. ತಿರುವಿನಲ್ಲಿ ಸ್ವಲ್ಪ ವಾಲುತ್ತೆ, ಹೌದು. ಆದರೆ ವೇಲ್ಸ್‌ನ ಗುಡ್ಡದ ರಸ್ತೆಯಲ್ಲಿ ಚಕ್ರ ನೆಲ ಬಿಡಲ್ಲ, ಹಾಗಾಗಿ ಗಟ್ಟಿ ಇದ್ದಾಗಿಗಿಂತ ಧೈರ್ಯವಾಗಿ ಓಡಿಸ್ತೀನಿ. ಮುಂದಿನ ಆಂಟಿ ರೋಲ್ ಬಾರ್ ಇದ್ದರೆ ಅದನ್ನ ಮಾತ್ರ ತೆಗೀಬೇಡಿ. ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದಾಗ ಅದರಿಂದ ಏನೂ ತೊಂದರೆ ಇಲ್ಲ, ವಾಲೋದನ್ನ ಮಾತ್ರ ತಡೆಯುತ್ತೆ.

ಪ್ರಶ್ನೆ ಕೇಳಿದವರು, ಮತ್ತೆ

ತುಂಬಾ ಥ್ಯಾಂಕ್ಸ್. ಗ್ರೀಸ್ ಮುಂದೆ ಎರಡೂ ಕಡೆ ಅಂಟಿದೆ. ಹಿಂದೆ ಒಂದು ಕಡೆ ಅಂತೂ ರಬ್ಬರ್ ಬಿರುಕು ಬಿಟ್ಟಿದೆ. ಟೆಲಿಸ್ಕೋಪಿಕ್‌ನ ಒಂದು ತುದಿ ಬಿಚ್ಚಿ ತೋಳನ್ನ ಮೇಲೆ ಕೆಳಗೆ ಆಡಿಸಿದೆ, ಒಳ್ಳೇ ಬಲ ಹಾಕಬೇಕಾಯ್ತು, ಅಂದರೆ ವಾಲ್ವ್ ಒಳಗೇ ಇದೆ. ಅದನ್ನ ತೆಗೆಸಿ, 14 ಇಂಚಿನ ಚಕ್ರ ಹಾಕ್ತೀನಿ. ಆಮೇಲೂ ಸ್ಪ್ರಿಂಗ್ ಬದಲಿಸಬೇಕು ಅನ್ನಿಸಿದರೆ ಯಾವುದು ತಗೊಳ್ಳಲಿ?

ಲೆಸ್ಟರ್‌ನಿಂದ

ಬದಲಿಸಬೇಕಾಗುತ್ತೆ ಸರ್, ಯಾಕಂದರೆ ಗಿಡ್ಡ ಸ್ಪ್ರಿಂಗ್ ಇರೋವರೆಗೂ ಮುಂದಿನ ಎತ್ತರ ವಾಪಸ್ ಬರಲ್ಲ. ರೋಡ್‌ಸ್ಟರ್‌ಗೆ ಫ್ಯಾಕ್ಟರಿ ಕೊಟ್ಟಿದ್ದು ಇಂಚಿಗೆ 348 ಪೌಂಡಿನದು, ಜಿಟಿಗೆ 480. ಕೆಲವರು ರೋಡ್‌ಸ್ಟರ್‌ಗೆ ಜಿಟಿ ಸ್ಪ್ರಿಂಗ್ ಹಾಕ್ತಾರೆ. ನಿಮ್ಮ ಉದ್ದೇಶಕ್ಕೆ 348ರದ್ದೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಮೂಲ ಉದ್ದದ್ದನ್ನೇ ಕೇಳಿ ತಗೊಳ್ಳಿ. ಮೆದು ಸ್ಪ್ರಿಂಗ್ ಅದೇ ಭಾರಕ್ಕೆ ಹೆಚ್ಚು ಕುಗ್ಗುತ್ತೆ, ಹಾಗಾಗಿ ಮೆದುವಾಗಿಯೂ ಗಿಡ್ಡವಾಗಿಯೂ ಇರೋದನ್ನ ಹಾಕಿದರೆ ಗಾಡಿ ಈಗಿಗಿಂತ ಕೆಳಗೆ ಕೂತು ಮತ್ತೆ ರಬ್ಬರಿಗೇ ಹೊಡೆಯುತ್ತೆ.

550ರಿಂದ 348ಕ್ಕೆ ಬಂದರೆ ಸ್ಪ್ರಿಂಗ್ 37% ಮೆದು. ಆದರೆ ಗಾಡಿ ಮೇಲಕ್ಕೂ ಕೆಳಕ್ಕೂ ತೂಗುವ ವೇಗ ಅದರ ವರ್ಗಮೂಲದಂತೆ ಇಳಿಯೋದರಿಂದ ಸುಮಾರು 20% ಮಾತ್ರ ಕಮ್ಮಿ ಆಗುತ್ತೆ. ಸ್ಪ್ರಿಂಗ್ ಮೆದು ಇರೋದಕ್ಕಿಂತ ಎತ್ತರ ಸರಿ ಇರೋದು ಮುಖ್ಯ ಅನ್ನೋದು ಇದಕ್ಕೇ. ಶಾಕ್ಸನ್ನ ಆಮೇಲೆ ಹೊಸ ಸ್ಪ್ರಿಂಗಿಗೆ ತಕ್ಕಂತೆ ಸಡಿಲ ಮಾಡಲೇಬೇಕು. ಮೆದು ಸ್ಪ್ರಿಂಗಿಗೆ ಗಟ್ಟಿ ಶಾಕ್ ಇದ್ದರೆ, ಗುಂಡಿ ಮೇಲೆ ಗುಂಡಿ ಬಂದಾಗ ಚಕ್ರ ಕೆಳಗಿಳಿಯೋಕೆ ಸಮಯ ಸಿಗದೆ ಗಾಡಿ ಹಂತಹಂತವಾಗಿ ಕುಸಿಯುತ್ತೆ. ಶಾಕ್‌ನಲ್ಲಿ ಬಿಗಿ-ಸಡಿಲ ಹೊಂದಿಸುವ ತಿರುಪು ಇದ್ದರೆ ಪೂರ್ತಿ ಸಡಿಲಕ್ಕೆ ತಿರುಗಿಸಿ, ಗಾಡಿ ಹಂಪ್ ದಾಟಿದ ಮೇಲೆ ಒಂದೇ ತೂಗಿಗೆ ನಿಲ್ಲೋವರೆಗೆ ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡ್ತಾ ಬನ್ನಿ.

ಹಿಂದಿನ ಬ್ಲಾಕ್ ತೆಗೆದಾಗ ಆಕ್ಸಲ್‌ಗೆ ಸ್ಪ್ರಿಂಗ್ ಬಿಗಿಯುವ ಯು-ಬೋಲ್ಟ್ ಕೂಡ ಮೂಲ ಅಳತೆಯದ್ದೇ ಹಾಕಿ. ಬ್ಲಾಕಿಗೆ ಅಂತ ಹಾಕಿದ ಉದ್ದದ ಬೋಲ್ಟಿನಲ್ಲಿ ನಟ್ ಥ್ರೆಡ್ಡಿನ ಕೊನೆಗೆ ಬಂದು ನಿಂತರೂ ಪಟ್ಟಿ ಬಿಗಿಯಾಗಿರಲ್ಲ. ಮುಂದಿನ ಸ್ಪ್ರಿಂಗ್ ಬಿಚ್ಚುವಾಗ ಚಾಸಿ ಕೆಳಗೆ ಸ್ಟ್ಯಾಂಡ್, ಸ್ಪ್ರಿಂಗ್ ಪ್ಯಾನ್ ಕೆಳಗೆ ಜಾಕ್ ಎರಡೂ ಇರಲೇಬೇಕು. ಬಿಗಿದ ಸ್ಪ್ರಿಂಗ್ ಚಿಮ್ಮಿದರೆ ಕೈ ಉಳಿಯಲ್ಲ. ಅಭ್ಯಾಸ ಇಲ್ಲದಿದ್ದರೆ ಈ ಒಂದು ಕೆಲಸ ಗ್ಯಾರೇಜಿಗೆ ಕೊಡಿ.

ನಿಮ್ಮ ಗಾಡಿಗೆ 40 ವರ್ಷ ದಾಟಿರೋದರಿಂದ ಸಾಮಾನ್ಯವಾಗಿ ಎಂಒಟಿ (ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆ) ಕಡ್ಡಾಯ ಇಲ್ಲ, ಆದರೂ ಎಲ್ಲ ಮುಗಿದ ಮೇಲೆ ಒಮ್ಮೆ ಮಾಡಿಸಿ, ಇನ್ನೊಬ್ಬರ ಕಣ್ಣು ಕೆಳಗಡೆ ಬೀಳಲಿ. ಬದಲಾವಣೆ ಇನ್ಶೂರೆನ್ಸ್‌ನವರಿಗೂ ತಿಳಿಸಿ. ಹೊಸ ಸ್ಪ್ರಿಂಗ್ ಕೆಲವು ದಿನ ಓಡಿ ಕೂತ ಮೇಲೆ ಅಲೈನ್‌ಮೆಂಟ್ ಮಾಡಿಸಿ, ಟೋ-ಇನ್ (ಮುಂದಿನ ಚಕ್ರಗಳು ಮುಂಭಾಗದಲ್ಲಿ ಒಳಕ್ಕೆ ಬಾಗಿರುವ ಅಳತೆ) 1/16ರಿಂದ 3/32 ಇಂಚು. ಮುಂದೆ ಎತ್ತರ ಬದಲಾಗಿರೋದರಿಂದ ಹೆಡ್‌ಲೈಟನ್ನೂ ಅವತ್ತೇ ಸರಿಮಾಡಿಸಿಬಿಡಿ.