‘ಹೇಳಿದ್ದರೆ’ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಹ್ಯಾಡ್ ಬೇಕೋ, ವುಡ್ ಬೇಕೋ?

ಕಾಫಿಹೂವು:
ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿದ್ದೇನೆ. ಹೊರದೇಶದ ಗಿರಾಕಿಗಳಿಗೆ ಮೇಲ್ ಬರೆಯುವ ಕೆಲಸ. ಮೊನ್ನೆ ‘ಸ್ಯಾಂಪಲ್ ಬೇಕು ಅಂತ ಮೊದಲೇ ಹೇಳಿದ್ದರೆ ಹೋದ ವಾರವೇ ಕಳಿಸುತ್ತಿದ್ದೆವು’ ಅಂತ ತಿಳಿಸಬೇಕಿತ್ತು. ನಾನು ಬರೆದದ್ದು: ‘ಇಫ್ ಯು ವುಡ್ ಹ್ಯಾವ್ ಟೋಲ್ಡ್ ಅಸ್, ವಿ ವುಡ್ ಸೆಂಡ್ ಇಟ್ ಲಾಸ್ಟ್ ವೀಕ್.’ ಮ್ಯಾನೇಜರ್ ಎರಡು ಕಡೆ ಕೆಂಪು ಗೆರೆ ಎಳೆದರು. ಯಾಕೆ ಅಂತ ಹೇಳಲಿಲ್ಲ. ಕನ್ನಡ ಮೀಡಿಯಂನಲ್ಲಿ ಓದಿದವಳು ನಾನು, ಇದನ್ನು ಸರಿಯಾಗಿ ಕಲಿಯಲೇಬೇಕು. ಇಂಗ್ಲಿಷ್ ಸಿನಿಮಾದಲ್ಲಿ ‘ಇಫ್ ಐಡ್ ನೋನ್, ಐಡ್ ಹ್ಯಾವ್ ಕಮ್’ ಅಂತಾರಲ್ಲ, ಅದರಲ್ಲಿ ಎರಡೂ ವುಡ್ಡೇ ಅಲ್ವಾ?

ಹಳೇಮೇಷ್ಟ್ರು:
ಇಲ್ಲಮ್ಮ. ಮೊದಲ ‘ಡ್’ ಹ್ಯಾಡ್, ಎರಡನೆಯದು ವುಡ್. ಮುಂದಿನ ಪದ ನೋಡಿದರೆ ತಿಳಿಯುತ್ತದೆ. ‘ನೋನ್’ ಬಂದರೆ ಹ್ಯಾಡ್, ‘ಹ್ಯಾವ್’ ಬಂದರೆ ವುಡ್. ನಿಮ್ಮ ಸಾಲು ಹೀಗಿರಬೇಕು: ‘ಇಫ್ ಯು ಹ್ಯಾಡ್ ಟೋಲ್ಡ್ ಅಸ್, ವಿ ವುಡ್ ಹ್ಯಾವ್ ಸೆಂಟ್ ಇಟ್ ಲಾಸ್ಟ್ ವೀಕ್.’

ಕನ್ನಡವನ್ನೇ ಹಿಡಿದು ಹೋಗಿ. ‘ಹೇಳಿದ್ದರೆ’ ಒಳಗೆ ‘ಇದ್ದರೆ’ ಇದೆ, ಅದಕ್ಕೆ ಹ್ಯಾಡ್. ‘ಕಳಿಸುತ್ತಿದ್ದೆವು’ ಅನ್ನೋದಕ್ಕೆ ವುಡ್. ನೀವು ಜಾರಿದ್ದು ಇನ್ನೊಂದು ಕಡೆ. ‘ದುಡ್ಡಿದ್ದರೆ ಆ ಬೈಕ್ ಕೊಳ್ಳುತ್ತಿದ್ದೆ’ ಅಂದರೆ ಅದು ಇವತ್ತಿನ ಮಾತೋ, ಹೋದ ವರ್ಷದ್ದೋ? ಕನ್ನಡದಲ್ಲಿ ಎರಡಕ್ಕೂ ಒಂದೇ ರೂಪ ಸಾಕು. ಇಂಗ್ಲಿಷಿನಲ್ಲಿ ಈಗಿನದಾದರೆ ‘ವುಡ್ ಬೈ’, ಮುಗಿದದ್ದಾದರೆ ‘ವುಡ್ ಹ್ಯಾವ್ ಬಾಟ್’. ನಿಮ್ಮದು ಹೋದ ವಾರದ ಮಾತು. ಅದಕ್ಕೇ ‘ವುಡ್ ಸೆಂಡ್’ ಸಾಲಲಿಲ್ಲ.

ದೂರದೂರು:
ನಾನು ಅಮೆರಿಕದಲ್ಲಿದ್ದೇನೆ. ಇಲ್ಲಿ ಮಾತಾಡುವಾಗ ‘ಇಫ್ ಯು ವುಡ್ ಹ್ಯಾವ್ ಟೋಲ್ಡ್ ಮಿ’ ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಆಫೀಸಿನ ಬರವಣಿಗೆಯಲ್ಲಿ ಮಾತ್ರ ಅದನ್ನು ತಿದ್ದುತ್ತಾರೆ. ಇನ್ನೊಂದು, ‘ಇಫ್’ ಪಕ್ಕ ವುಡ್ ಬರಲೇಬಾರದು ಅಂತಲೂ ಇಲ್ಲ. ‘ಇಫ್ ಯು ವುಡ್ ವೇಟ್ ಎ ಮಿನಿಟ್’ ಅಂದರೆ ‘ಸ್ವಲ್ಪ ಕಾಯ್ತೀರಾ’ ಅಂತ ವಿನಯದಿಂದ ಕೇಳಿದ ಹಾಗೆ. ಅದು ತಪ್ಪಲ್ಲ.

ಕಾಫಿಹೂವು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ಇನ್ನೊಂದು ಕೇಳಲಾ? ‘ಮಳೆ ನಿಂತರೆ ಸೋಮವಾರ ಲೋಡ್ ಹೊರಡುತ್ತದೆ’ ಅಂತ ನಾಳೆ ತಿಳಿಸಬೇಕು. ‘ನಿಂತ’ ಇದೆಯಲ್ಲ ಅಂತ ‘ಇಫ್ ದಿ ರೇನ್ ಸ್ಟಾಪ್ಡ್’ ಅಂತ ಬರೆದಿಟ್ಟಿದ್ದೇನೆ.

ಹಳೇಮೇಷ್ಟ್ರು:
‘ಸ್ಟಾಪ್ಸ್’ ಅಂತ ಮಾಡಿ. ಆಚೆ ಕಡೆ ‘ವಿಲ್ ಲೀವ್’. ನಮ್ಮ ‘ರೆ’ ಯಾವಾಗಲೂ ನಿಂತ, ಬಂದ, ಹೋದ ಅನ್ನುವ ಭೂತಕಾಲದ ರೂಪಕ್ಕೇ ಅಂಟಿಕೊಳ್ಳುತ್ತದೆ. ಅದನ್ನು ನೋಡಿ ಇಂಗ್ಲಿಷಿನಲ್ಲೂ ಭೂತಕಾಲ ಹಾಕಬೇಡಿ. ಸ್ಟಾಪ್ಡ್ ಅಂದರೆ ಮಳೆ ನಿಲ್ಲುವ ನಂಬಿಕೆ ನಿಮಗೇ ಇಲ್ಲ ಅನ್ನುವ ಅರ್ಥ ಬರುತ್ತದೆ. ಸೋಮವಾರ ಲೋಡ್ ಹೊರಡುವುದು ಅನುಮಾನ ಅಂತ ಗಿರಾಕಿ ತಿಳಿದುಕೊಂಡಾರು.